ಸಹಾಯ ಬೇಕು: ತಾಲ್ಮುಡ್ ಓದಿನಲ್ಲಿ ಎಐ ಬಳಕೆ ಬಗ್ಗೆ ತಿಳಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಯಹೂದಿಗಳ ಧರ್ಮನಿಯಮ ಮತ್ತು ಅವುಗಳ ಚರ್ಚೆಯ ಪ್ರಾಚೀನ ಗ್ರಂಥವಾದ ತಾಲ್ಮುಡ್‌ನ ಓದು ಎಐಯಿಂದ ಹೇಗೆ ಬದಲಾಗುತ್ತಿದೆ ಅಂತ ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ. ದಿನಕ್ಕೊಂದು ಹಾಳೆ ಓದುವ 'ದಾಫ್ ಯೋಮಿ' ಪದ್ಧತಿ 1923ರಲ್ಲಿ ಶುರುವಾಯಿತು. 2,711 ಹಾಳೆ, ಸುಮಾರು ಏಳೂವರೆ ವರ್ಷ! ಇಸ್ರೇಲಿನ ಡಿಕ್ಟಾ ಸಂಸ್ಥೆಯ ಎಐ ಹೀಬ್ರೂ ಪಠ್ಯಕ್ಕೆ ಸ್ವರಚಿಹ್ನೆ ಹಾಕಿಕೊಡುತ್ತದೆ. ಹೊಸಬರಿಗೆ ಇದು ದೊಡ್ಡ ಉಪಕಾರ.

ನನ್ನ ಚಿಂತೆ ಬೇರೆ. ಸಬ್ಬತ್ (ಯಹೂದಿಗಳ ವಾರದ ವಿಶ್ರಾಂತಿ ದಿನ) ನಿಯಮದ ಬಗ್ಗೆ ಕೇಳಿದಾಗ ಚಾಟ್‌ಬಾಟ್ ಹಾಳೆ ಸಂಖ್ಯೆ ಸಮೇತ ಉತ್ತರ ಕೊಟ್ಟಿತು. ಯಹೂದಿ ಗ್ರಂಥಗಳ ಆನ್‌ಲೈನ್ ಸಂಗ್ರಹವಾದ ಸೆಫಾರಿಯಾದಲ್ಲಿ ಆ ಹಾಳೆ ತೆಗೆದು ನೋಡಿದರೆ ಅಲ್ಲಿರುವುದು ಬೇರೆಯೇ ವಿಷಯ. ಇಬ್ಬರು ಎದುರುಬದುರು ಕೂತು ವಾದಿಸುತ್ತಾ ಓದುವ 'ಹವ್ರೂತಾ'ದಲ್ಲಾದರೆ ಜೊತೆಗಾರ ತಕ್ಷಣ ತಡೆದು ಕೇಳುತ್ತಾನೆ, ಅಲ್ವಾ?

ಇಸ್ರೇಲಿನಲ್ಲಿರುವ ಕನ್ನಡಿಗರೇ, ಹೀಬ್ರೂ ಬಲ್ಲವರೇ, ಯೆಶಿವಾ (ತಾಲ್ಮುಡ್ ಕಲಿಸುವ ಶಾಲೆ) ವಿದ್ಯಾರ್ಥಿಗಳು ಎಐಯನ್ನು ಯಾವುದಕ್ಕೆ ಜಾಸ್ತಿ ಬಳಸುತ್ತಾರೆ? ಅವರ ರಬ್ಬಿಗಳು (ಧರ್ಮಗುರುಗಳು) ಇದನ್ನು ಒಪ್ಪುತ್ತಾರಾ? ಗೊತ್ತಿದ್ದವರು ದಯವಿಟ್ಟು ಇಲ್ಲೇ ತಿಳಿಸಿ. ಕಣ್ಣಾರೆ ಕಂಡಿದ್ದಾದರೆ ಇನ್ನೂ ಒಳ್ಳೆಯದು.