ಸಹಾಯ ಬೇಕು: ಹಳೇ ಮೈಕ್ರೋಸ್ಕೋಪ್‌ಗೆ ಯಾವ ಕ್ಯಾಮೆರಾ ಜೋಡಿಸಲಿ?

ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿದ್ದೇನೆ. ಪಾಷಾಣ್ ಕೆರೆ ನೀರಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಗಳಾದ ಡಯಾಟಮ್‌ಗಳ ಫೋಟೋ ತೆಗೆದು ನಮ್ಮ ಕನ್ನಡ ಸಂಘದ ಮಕ್ಕಳಿಗೆ ತೋರಿಸುವ ಆಸೆ. ಆ ಗಾಜಿನಂಥ ಚಿಪ್ಪಿನ ಮೇಲಿನ ಗೆರೆಗಳು ಎಷ್ಟು ಚೆಂದ ಗೊತ್ತಾ!

ಮೈಕ್ರೋಸ್ಕೋಪ್ ಹಳೇದು, ಒಂದೇ ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್). ಆಬ್ಜೆಕ್ಟಿವ್ (ಸ್ಲೈಡ್ ಹತ್ತಿರದ ಲೆನ್ಸ್) ಮೇಲೆ 160/0.17 ಅಂತ ಬರೆದಿದೆ, ಅಂದರೆ 160 ಮಿ.ಮೀ. ಉದ್ದದ ಕೊಳವೆಗೆ, 0.17 ಮಿ.ಮೀ. ದಪ್ಪದ ಕವರ್ ಗಾಜಿಗೆ ಮಾಡಿದ್ದು. ಕ್ಯಾಮೆರಾ ಸಾಧಾರಣ ಕಾಂಪ್ಯಾಕ್ಟ್. ಅದನ್ನು ಸ್ಟ್ಯಾಂಡ್‌ಗೆ ಹಾಕಿ, ಐಪೀಸ್ ಹತ್ತಿರ ತಂದು, ಫ್ಲ್ಯಾಶ್ ಆಫ್ ಮಾಡಿ, 2 ಸೆಕೆಂಡ್ ಟೈಮರ್ ಇಟ್ಟು ತೆಗೆಯುತ್ತೇನೆ. ಅಲುಗಾಟ ನಿಂತಿದೆ. ಆದರೆ ಸುತ್ತ ಕಪ್ಪು ವೃತ್ತ ಬರುತ್ತದೆ. ಜೂಮ್ ಮಾಡಿದರೆ ಕಪ್ಪು ಹೋಗುತ್ತದೆ, ಗೆರೆಗಳು ಮಂಕಾಗುತ್ತವೆ.

ಐಪೀಸ್ ತೆಗೆದು 23.2 ಮಿ.ಮೀ. ಕೊಳವೆಯಲ್ಲಿ ಕೂರಿಸುವ ಯುಎಸ್‌ಬಿ ಕ್ಯಾಮೆರಾವನ್ನೂ ಗೆಳೆಯರಿಂದ ತಂದು ನೋಡಿದೆ. ಅದರ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಅಗಲ 6 ಮಿ.ಮೀ. ಕೂಡ ಇಲ್ಲ. ಐಪೀಸ್‌ನಲ್ಲಿ ಕಾಣುವ ಚಿತ್ರ 18 ಮಿ.ಮೀ. ಅಗಲ. ಹಾಗಾಗಿ ನಡುವಿನ ಚೂರು ಮಾತ್ರ ಸಿಗುತ್ತದೆ. ಚಿತ್ರವನ್ನು ಅರ್ಧಕ್ಕೆ ಕುಗ್ಗಿಸುವ 0.5 ಎಕ್ಸ್ ಲೆನ್ಸ್ ಸೇರಿಸಿದರೆ ಜಾಸ್ತಿ ಜಾಗ ಬರುತ್ತದೆ, ಸರಿ.

ಆದರೆ ಗೊಂದಲ ಇಲ್ಲೇ. 160 ಬರೆದ ಹಳೇ ಆಬ್ಜೆಕ್ಟಿವ್‌ಗಳಲ್ಲಿ ಎಷ್ಟೋ ತಮ್ಮ ಬಣ್ಣದ ದೋಷ ಸರಿಪಡಿಸುವ ಕೆಲಸವನ್ನು ಐಪೀಸ್‌ಗೆ ಬಿಟ್ಟಿರುತ್ತವೆ. ಐಪೀಸೇ ಇಲ್ಲದಿದ್ದರೆ ಅಂಚುಗಳಲ್ಲಿ ಬಣ್ಣದ ಗೆರೆ ಬರುತ್ತದೆ ಅಲ್ವಾ? ಡಯಾಟಮ್‌ಗೆ ಅದು ದೊಡ್ಡ ತೊಂದರೆ.

ಇಂಥ ಮೈಕ್ರೋಸ್ಕೋಪ್‌ನಲ್ಲಿ ಫೋಟೋ ತೆಗೆದವರು ದಯವಿಟ್ಟು ಹೇಳಿ: ಐಪೀಸ್ ಉಳಿಸಿಕೊಂಡು ಕಾಂಪ್ಯಾಕ್ಟ್‌ಗೇ ಒಳ್ಳೆಯ ಅಡಾಪ್ಟರ್ ಕೊಳ್ಳಲೋ, ಅಥವಾ ಯುಎಸ್‌ಬಿ ಕ್ಯಾಮೆರಾ ಜೊತೆ 0.5 ಎಕ್ಸ್ ಲೆನ್ಸ್ ತಗೊಳ್ಳಲೋ?