ಗಂಡಭೇರುಂಡ ನೆಲಕ್ಕೆ ಇಳಿಯುತ್ತಿಲ್ಲ: ಹಾರುವ ಪ್ರಾಣಿಯ ಕಾಳಗದ ಬಗ್ಗೆ ಅನುಭವ ಹಂಚಿಕೆ

ಕೇಳಿದವರು, ದಾವಣಗೆರೆ ವಿದ್ಯಾನಗರದಿಂದ:

ನಾವು ಐವರು ಗೆಳೆಯರು ಭಾನುವಾರ ಸಂಜೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಮೇಜಿನ ಸುತ್ತ ಕೂತು ದಾಳ ಹಾಕುತ್ತ ಪಾತ್ರಗಳಾಗಿ ಕತೆ ನಡೆಸುವ ಆಟ. ನಿಯಮಗಳು 2014ರ ಐದನೆಯ ಆವೃತ್ತಿಯವು, ಆಟ ನಡೆಸುವವನು ನಾನು, ಉಳಿದ ನಾಲ್ವರ ಪಾತ್ರಗಳು ಐದನೆಯ ಲೆವೆಲ್ಲಿನಲ್ಲಿವೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಹೋಲುವ ಒಂದು ಕೋಟೆಯನ್ನು ಕಲ್ಪಿಸಿಕೊಂಡು, ಅದರ ತುದಿಯ ಬಂಡೆಯ ಮೇಲೆ ಗಂಡಭೇರುಂಡವೊಂದನ್ನು ಕೂರಿಸಿದ್ದೇನೆ. ಅಂಕಿಗಳನ್ನು ಆಟದ ಪುಸ್ತಕದಲ್ಲಿರುವ ಹಾರುವ ಪ್ರಾಣಿ ವೈವರ್ನ್‌ನಿಂದ ತೆಗೆದುಕೊಂಡೆ: ಹಿಟ್ ಪಾಯಿಂಟ್ (ತಾಳಬಲ್ಲ ಹಾನಿ) 110, ಆರ್ಮರ್ ಕ್ಲಾಸ್ (ಏಟು ತಗಲಲು ಮುಟ್ಟಬೇಕಾದ ಅಂಕ) 13, ಹಾರುವ ವೇಗ 80 ಅಡಿ. ವಿಷದ ಕೊಂಡಿಯನ್ನು ತೆಗೆದುಹಾಕಿ, ಎರಡು ಕೊಕ್ಕಿಗೆ ಎರಡು ಏಟು ಮತ್ತು ಮೇಲಿನಿಂದ ಕಲ್ಲು ಬೀಳಿಸುವ ಶಕ್ತಿ ಕೊಟ್ಟೆ. ಕಾಳಗ ಎರಡು ಗಂಟೆ ನಡೆಯಿತು. ಹಕ್ಕಿ 100 ಅಡಿ ಎತ್ತರದಲ್ಲಿದ್ದುಕೊಂಡು ಕಲ್ಲು ಹಾಕುತ್ತಲೇ ಇತ್ತು. ಹತ್ತಿರದಿಂದ ಹೊಡೆದಾಡುವ ಯೋಧರಾದ ಫೈಟರ್ ಮತ್ತು ಬಾರ್ಬೇರಿಯನ್ ಆಡುವ ಇಬ್ಬರು ಮಂಡಕ್ಕಿ ಮೆಣಸಿನಕಾಯಿ ಖಾಲಿ ಮಾಡಿದರು, ಅಷ್ಟೆ. ಕೊನೆಗೆ ಅದು ಬೇಸರ ಬಂದಂತೆ ಹಾರಿಹೋಯಿತೆಂದು ಹೇಳಿ ಮುಗಿಸಿದೆ. ಮುಂದಿನ ವಾರ ಅದನ್ನೇ 60 ಹಿಟ್ ಪಾಯಿಂಟಿಗೆ ಇಳಿಸಿ, ನೆಲದ ಹತ್ತಿರ ಇಟ್ಟು, ಬೇರೊಂದು ತಂಡದ ಜೊತೆ ಆಡಿ ನೋಡಿದರೆ ಎರಡೇ ಸುತ್ತಿನಲ್ಲಿ ಸತ್ತಿತು. ಅಂಕಿ ಎಷ್ಟಿಟ್ಟರೆ ಸರಿಹೋದೀತು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ, ಚಿತ್ರದುರ್ಗದಿಂದ:

ನಿಮ್ಮ ಅಂಕಿಗಳಲ್ಲಿ ದೊಡ್ಡ ದೋಷವಿಲ್ಲ. ಆ ಹಕ್ಕಿಗೆ ಕೆಳಗಿಳಿಯಲು ಕಾರಣವೇ ಇಲ್ಲದಿರುವುದು ದೋಷ. ವೈವರ್ನ್‌ನ ಚಾಲೆಂಜ್ ರೇಟಿಂಗ್ (ಪ್ರಾಣಿ ಎಷ್ಟು ಕಠಿಣವೆಂಬ ಅಂಕಿ) 6, ಅಂದರೆ ಸೋಲಿಸಿದವರಿಗೆ ಅನುಭವದ ಅಂಕ 2300 ಎಕ್ಸ್‌ಪಿ. ಐದನೆಯ ಲೆವೆಲ್ಲಿನ ನಾಲ್ವರಿಗೆ ಮಧ್ಯಮ ಕಾಳಗದ ಮಿತಿ 2000, ಕಠಿಣ ಕಾಳಗದ್ದು 3000. ಲೆಕ್ಕದ ಪ್ರಕಾರ ಇದು ಮಧ್ಯಮ ಮಟ್ಟದ್ದೇ. ಆದರೆ ನೀವು ಕಲ್ಲು ಬೀಳಿಸುವ ಶಕ್ತಿಯನ್ನು ಕೊಟ್ಟ ಕ್ಷಣದಲ್ಲಿ ಆ ಲೆಕ್ಕ ಕೆಟ್ಟಿತು. ಹಾರುತ್ತಲೇ ದೂರದಿಂದ ಹೊಡೆಯಬಲ್ಲ ಪ್ರಾಣಿಯ ರೇಟಿಂಗ್ ಕಟ್ಟುವಾಗ, ಅದು 10ರೊಳಗಿದ್ದರೆ, ಆರ್ಮರ್ ಕ್ಲಾಸನ್ನು 2 ಹೆಚ್ಚಾಗಿ ಎಣಿಸಬೇಕೆಂದು ನಿಯಮವೇ ಹೇಳುತ್ತದೆ. ಬಿಲ್ಲು ಹಿಡಿದವರು ಕಡಿಮೆ ಇರುವ ತಂಡಕ್ಕೆ ಆ ಎರಡು ಅಂಕ ಏನೂ ಸಾಲದು ಎಂಬುದು ನನ್ನ ಅನುಭವ.

ಹಕ್ಕಿ ಆಗಾಗ ಎರಗಿ ಹೋಗುತ್ತಿತ್ತು ಎಂದೇ ಇಟ್ಟುಕೊಳ್ಳಿ. ನಿಮ್ಮ ಫೈಟರ್ ತನ್ನ ಸರದಿಯಲ್ಲಿ ಎರಡು ಏಟು ಹೊಡೆಯಬಲ್ಲ. ಆದರೆ ಹಕ್ಕಿ ಕೆಳಗೆ ಬಂದಾಗ ಹೊಡೆಯುತ್ತೇನೆಂದು ರೆಡಿ ಮಾಡಿಕೊಂಡು ಕಾದು ನಿಂತರೆ ಆ ಏಟು ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ಮಾಡಬಹುದಾದ, ಸುತ್ತಿಗೆ ಒಂದೇ ಪ್ರತಿಕ್ರಿಯೆ) ಲೆಕ್ಕಕ್ಕೆ ಹೋಗುತ್ತದೆ. ಎಕ್ಸ್‌ಟ್ರಾ ಅಟ್ಯಾಕ್ ಎಂಬ ಎರಡನೆಯ ಏಟು ತನ್ನ ಸರದಿಯಲ್ಲಿ ಮಾತ್ರ ಸಿಗುವುದರಿಂದ ಒಂದೇ ಏಟು ಉಳಿಯುತ್ತದೆ, ರಿಯಾಕ್ಷನ್ ಖರ್ಚಾಗಿರುವುದರಿಂದ ಹಕ್ಕಿ ಮೇಲೇಳುವಾಗ ಸಿಗಬೇಕಾದ ಆಪರ್ಚುನಿಟಿ ಅಟ್ಯಾಕ್ ಕೂಡ ಕೈತಪ್ಪುತ್ತದೆ. 110ರ ಹಕ್ಕಿ ಅವನ ಪಾಲಿಗೆ 220ರದ್ದಾಯಿತು. ಒಂದು ಸುತ್ತು ಪೂರ್ತಿ ಹೊಡೆಯದೆ, ಹೊಡೆಸಿಕೊಳ್ಳದೆ ನಿಂತರೆ ಬಾರ್ಬೇರಿಯನ್‌ನ ರೇಜ್ ಎಂಬ ಆವೇಶ ಆರಿಹೋಗುತ್ತದೆ. ಕಳ್ಳಹೆಜ್ಜೆಯ ಪಾತ್ರವಾದ ರೋಗ್ ಇದ್ದರೆ ಅವನ ಶಾರ್ಟ್‌ಬೋ 80 ಅಡಿಯಾಚೆ ಡಿಸ್‌ಅಡ್ವಾಂಟೇಜ್‌ನಲ್ಲಿ ಹೊಡೆಯುತ್ತದೆ (ಎರಡು ದಾಳ ಹಾಕಿ ಕಡಿಮೆ ಬಂದದ್ದನ್ನು ಎಣಿಸಬೇಕು), ಡಿಸ್‌ಅಡ್ವಾಂಟೇಜ್ ಬಂದರೆ ಸ್ನೀಕ್ ಅಟ್ಯಾಕ್ ಎಂಬ ಹೆಚ್ಚುವರಿ ಹಾನಿ ಇಲ್ಲ. ಹೀಗಾಗಿ 100 ಅಡಿ ಎಂಬ ಒಂದು ಅಂಕಿಯಿಂದಲೇ ನೀವು ಮೂವರನ್ನು ಆಟದಿಂದ ಹೊರಗಿಟ್ಟಿದ್ದೀರಿ.

ನಾನು ಮಾಡಿದ್ದು ಇಷ್ಟು: ಕಲ್ಲುಗಳನ್ನು ಎಣಿಸಿದೆ. ಆಟದಲ್ಲಿ ಮುಳ್ಳೆಸೆಯುವ ಪ್ರಾಣಿ ಮ್ಯಾಂಟಿಕೋರ್‌ಗೆ ಬಾಲದ ಮುಳ್ಳು 24 ಮಾತ್ರ, ಮುಗಿದರೆ ದೀರ್ಘ ವಿಶ್ರಾಂತಿಯವರೆಗೆ ಕಾಯಬೇಕು. ಅದೇ ರೀತಿ ನನ್ನ ಹಕ್ಕಿಗೆ ಮೂರೇ ಕಲ್ಲು ಕೊಟ್ಟು, ಹೊಸ ಕಲ್ಲು ಬೇಕಾದರೆ ಬಂಡೆಯ ಮೇಲೆ ಇಳಿದು ಒಂದು ಆಕ್ಷನ್ ಖರ್ಚು ಮಾಡಬೇಕೆಂದೆ. ಅದು ಇಳಿಯುವ ಬಂಡೆ ಯಾವುದೆಂದು ಊಹಿಸಿ ಓಡುವುದೇ ಫೈಟರ್‌ನ ಆಟವಾಯಿತು. ಇನ್ನೊಂದು ಮಾತು: ನಮ್ಮ ಕೋಟೆಯನ್ನು ನಡೆದು ನೋಡಿದವರಿಗೆ ಗೊತ್ತು, ಅಲ್ಲಿ ಬಯಲಿಗಿಂತ ಬಂಡೆಯ ಸಂದುಗಳೇ ಹೆಚ್ಚು. ಓಬವ್ವನ ಕಿಂಡಿಯಂಥ ಸಂದಿನೊಳಗೆ ಪೂರ್ತಿ ಮರೆಯಾಗಿ ನಿಂತವನ ಮೇಲೆ ಕಲ್ಲನ್ನು ಗುರಿ ಇಡಲಾಗದು, ಮುಕ್ಕಾಲು ಮರೆಯಾದವನಿಗೆ ಆರ್ಮರ್ ಕ್ಲಾಸ್ 5 ಏರುತ್ತದೆ. ಆಗ ಹಕ್ಕಿಯೇ ಇಳಿದು ಕೊಕ್ಕು ತೂರಿಸಬೇಕಾಗುತ್ತದೆ.

ಎರಡನೆಯ ಉತ್ತರ, ದಾವಣಗೆರೆಯಿಂದ:

ರೆಕ್ಕೆಗೆ ಗಾಯವಾದರೆ ಬೀಳಬೇಕೆಂಬ ನಿಯಮವನ್ನು ಯಾರಾದರೂ ಸೂಚಿಸುವ ಮೊದಲೇ ನಮ್ಮ ಪಾಡನ್ನು ಹೇಳಿಬಿಡುತ್ತೇನೆ. ಪ್ರತಿ ದೊಡ್ಡ ಏಟಿಗೂ ಒಂದು ಸೇವಿಂಗ್ ಥ್ರೋ (ಪಾರಾಗಲು ಹಾಕುವ ದಾಳ), ತಪ್ಪಿದರೆ ಹಕ್ಕಿ ಕೆಳಗೆ, ಎಂದು ಮಾಡಿಕೊಂಡಿದ್ದೆವು. ಮೊದಲ ಸುತ್ತಿನಲ್ಲೇ 60 ಅಡಿಯಿಂದ ಬಿತ್ತು. ಹತ್ತು ಅಡಿಗೆ ಒಂದು ಆರುಮುಖದ ದಾಳದಂತೆ ಆರು ದಾಳ, ಸರಾಸರಿ 21 ಹಾನಿ. ಬಿದ್ದ ಹಕ್ಕಿ ಪ್ರೋನ್ (ನೆಲಕ್ಕೊರಗಿದ ಸ್ಥಿತಿ) ಆದದ್ದರಿಂದ ಹತ್ತಿರದವರೆಲ್ಲರಿಗೂ ಅಡ್ವಾಂಟೇಜ್, ಎರಡು ದಾಳದಲ್ಲಿ ಹೆಚ್ಚಿನದು. ಏಳುವುದರೊಳಗೆ ಮುಗಿಯಿತು. ಆಮೇಲೆ ತಿದ್ದಿದೆವು: ಹಿಟ್ ಪಾಯಿಂಟ್ ಅರ್ಧಕ್ಕೆ ಇಳಿದಾಗ, ನಿಮ್ಮ ಲೆಕ್ಕದಲ್ಲಿ 55ಕ್ಕೆ, ಒಂದೇ ಸಲ ಆ ಸೇವಿಂಗ್ ಥ್ರೋ, ಅಲ್ಲಿಂದ ಮುಂದೆ ಹಾರುವ ವೇಗ 40, ಪ್ರತಿ ಸರದಿಯ ಕೊನೆಗೆ ಎಲ್ಲಾದರೂ ಕೂರಲೇಬೇಕು. ಇದು ನಮ್ಮಲ್ಲಿ ಒಂದು ವರ್ಷದಿಂದ ನಿಂತಿದೆ.

ನಿಮ್ಮ ತಂಡದ ಮಂತ್ರವಾದಿ ವಿಜರ್ಡ್ ಅರ್ಥ್‌ಬೈಂಡ್ ಮಂತ್ರ ಕಲಿತಿದ್ದರೆ ತಡೆಯಬೇಡಿ. ಅದು 300 ಅಡಿ ಮುಟ್ಟುತ್ತದೆ. ಹಕ್ಕಿ ಸ್ಟ್ರೆಂತ್ ಸೇವ್ ತಪ್ಪಿದರೆ ಸುತ್ತಿಗೆ 60 ಅಡಿಯಂತೆ ಮೆಲ್ಲಗೆ ಇಳಿಯುತ್ತದೆ, ಬಿದ್ದ ಹಾನಿ ಇಲ್ಲ. ಪೆಟ್ಟು ಬಿದ್ದರೆ ಕೆಡಬಹುದಾದ ಏಕಾಗ್ರತೆ ಬೇಡುವ ಮಂತ್ರವಾದ್ದರಿಂದ ವಿಜರ್ಡ್‌ನನ್ನು ಕಾಯುವುದು ಉಳಿದವರ ಕೆಲಸವಾಗುತ್ತದೆ. ಬಲೆಯ ಮೇಲಂತೂ ಭರವಸೆ ಇಡಬೇಡಿ. ಸೂಳೆಕೆರೆಯಲ್ಲಿ ಬಲೆ ಬೀಸುವುದನ್ನು ನೋಡಿ ಬಂದ ನಮ್ಮ ಆಟಗಾರರೊಬ್ಬರು ಬಹಳ ಉತ್ಸಾಹದಿಂದ ಕೊಂಡರು. 5 ಅಡಿಯಾಚೆ ದೂರದ ಡಿಸ್‌ಅಡ್ವಾಂಟೇಜ್, 5 ಅಡಿಯೊಳಗೆ ಶತ್ರು ಪಕ್ಕದಲ್ಲಿರುವ ಡಿಸ್‌ಅಡ್ವಾಂಟೇಜ್, ಪಾಪ.

ಮೂರನೆಯ ಉತ್ತರ, ಹರಿಹರದಿಂದ:

ಚಂದ್ರವಳ್ಳಿಯಂಥ ಗುಹೆಯೊಳಗೆ, 20 ಅಡಿ ಸೂರಿನ ಕೆಳಗೆ ಕಾಳಗ ಇಟ್ಟು ನಾನು ಈ ಸಮಸ್ಯೆಯನ್ನು ಬಗೆಹರಿಸಿದೆನೆಂದುಕೊಂಡೆ. ಗೂಡಿನೊಳಗಿನ ದೊಡ್ಡ ಕೋಳಿಯ ಜೊತೆ ಹೊಡೆದಾಡಿದಂತಾಯಿತು, ಹಾಗೆ ಮಾಡಬೇಡಿ. ಸರ್ಕಾರಿ ಬಸ್ಸಿನ ಮೇಲೆ ದಿನವೂ ನೋಡುವ ಹಕ್ಕಿ ಇದು, ಹಳೆಯ ಶಿಲ್ಪಗಳಲ್ಲಿ ಆನೆಗಳನ್ನೇ ಹಿಡಿದೆತ್ತಿರುತ್ತದೆ. ಕಲ್ಲಿನ ಬದಲು ಉಗುರು ಕೊಡಿ. ಆಟಗಾರನೊಬ್ಬನನ್ನು ಹಿಡಿದು ಮೇಲೇರಿದರೆ, ಗ್ರ್ಯಾಪಲ್ (ಹಿಡಿತ) ನಿಯಮದಂತೆ ಅದರ ವೇಗ ಅರ್ಧವಾಗುತ್ತದೆ, ಮತ್ತು ಹಿಡಿಸಿಕೊಂಡವನಿಗೆ ಹಕ್ಕಿ ಕೈಗೆಟುಕುವ ದೂರದಲ್ಲೇ ಇರುತ್ತದೆ. ಎತ್ತರ ತೋರಿಸಲು ಬೆಂಕಿಪೊಟ್ಟಣಗಳನ್ನು ಪೇರಿಸಿ, ಒಂದಕ್ಕೆ 10 ಅಡಿ. ಬಾಯಲ್ಲಿ ಹೇಳಿದ ಎತ್ತರ ಪ್ರತಿ ಸುತ್ತಿಗೂ ಜಗಳಕ್ಕೆ ದಾರಿ.

ಕೇಳಿದವರು, ಎರಡು ವಾರದ ನಂತರ:

ಮೂವರಿಗೂ ಧನ್ಯವಾದಗಳು. 110ನ್ನು ಮುಟ್ಟಲಿಲ್ಲ. ಮೂರು ಕಲ್ಲು, ಉಗುರಿನ ಹಿಡಿತ, 55ರ ನಂತರ ಕೂರಲೇಬೇಕೆಂಬ ನಿಯಮ, ಇಷ್ಟನ್ನು ಇಟ್ಟುಕೊಂಡೆ. ಮೂರೂ ಕಲ್ಲು ಬಂಡೆಗಳಿಗೆ ಬಡಿದು ವ್ಯರ್ಥವಾದವು. ಹಕ್ಕಿ ಇಳಿದು ಬಾರ್ಬೇರಿಯನ್‌ನನ್ನು ಹೊತ್ತೊಯ್ದಿತು. ಅವನು ಐದು ಬೆಂಕಿಪೊಟ್ಟಣದ ಎತ್ತರದಲ್ಲಿ ನೇತಾಡುತ್ತಲೇ ಕೊಡಲಿ ಬೀಸಿ, ಕೊನೆಯ ಏಟು ಹೊಡೆದು, ಹಕ್ಕಿಯ ಜೊತೆಗೇ ಬಿದ್ದ. ಐದು ದಾಳದಲ್ಲಿ 18 ಬಂತು, ರೇಜ್‌ನಲ್ಲಿದ್ದುದರಿಂದ ಅರ್ಧ, 9. ಏಳು ಸುತ್ತು, ಮುಕ್ಕಾಲು ಗಂಟೆ. ಕಲ್ಲಿನ ಸಂಖ್ಯೆಯನ್ನು ನಾಲ್ಕಕ್ಕೆ ಏರಿಸಬಹುದಿತ್ತೇನೋ ಎಂಬ ಅನುಮಾನ ನನಗಿದೆ, ಏಕೆಂದರೆ ವಿಜರ್ಡ್‌ಗೆ ಮಂತ್ರ ಹಾಕುವ ಅವಸರವೇ ಬರಲಿಲ್ಲ.

ಈಗ ಬೇರೆ ತೊಡಕು. ಗೂಡಿನಲ್ಲಿ ಎರಡು ಮೊಟ್ಟೆ ಇವೆಯೆಂದು ವರ್ಣನೆಯ ಭರದಲ್ಲಿ ಹೇಳಿಬಿಟ್ಟೆ, ರೋಗ್ ಆಡುವವರು ಒಂದನ್ನು ಚೀಲಕ್ಕೆ ಹಾಕಿಕೊಂಡಿದ್ದಾರೆ. ಆಟಗಾರರ ಪಕ್ಷದಲ್ಲೇ ಹಾರುವ ಮರಿಯೊಂದು ಇದ್ದಾಗ ಅದರ ವೇಗವನ್ನು ಎಷ್ಟಿಟ್ಟಿದ್ದೀರಿ, ಸವಾರಿಗೆ ಬಿಟ್ಟಿದ್ದೀರಾ?