ಹಳೆಯ ಡಸ್ಟರ್ ಡೀಸೆಲ್: ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಬದಲಾಯಿಸುವಾಗ ಎಲ್ಲಿ ಉಳಿಸಬಹುದು?

ಪ್ರಶ್ನೆ (ಶಿರಸಿಯಿಂದ)

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಸಮೀಪದ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕನಾಗಿದ್ದೇನೆ. ಎರಡು ವರ್ಷಗಳ ಹಿಂದೆ 2014ರ ರೆನೋ ಡಸ್ಟರ್ ಕಾರನ್ನು, 1.5 ಲೀಟರ್ ಡೀಸೆಲ್ ಎಂಜಿನ್ನಿನ 85 ಪಿಎಸ್ ಮಾದರಿಯನ್ನು, ಸೆಕೆಂಡ್ ಹ್ಯಾಂಡ್ ಕೊಂಡೆ. ಈಗ ಅದು 1,08,000 ಕಿ.ಮೀ. ಓಡಿದೆ. ಎಂಜಿನ್ನಿನ ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಬದಲಾಯಿಸಿದ್ದೇವೆ ಎಂದು ಹಿಂದಿನ ಮಾಲೀಕರು ಬಾಯಿಮಾತಿನಲ್ಲಿ ಹೇಳಿದ್ದರು. ಬಿಲ್ಲು ಮಾತ್ರ ಸಿಕ್ಕಲಿಲ್ಲ.

ಮೂರು ತಿಂಗಳಿಂದ ಎಂಜಿನ್ ತಣಿಸುವ ದ್ರವದ, ಅಂದರೆ ಕೂಲಂಟಿನ, ಡಬ್ಬಿಯ ಮಟ್ಟ ವಾರಕ್ಕೆ ಬೆರಳಗಲದಷ್ಟು ಇಳಿಯುತ್ತಿದೆ. ಕಳೆದ ಭಾನುವಾರ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿಬಂದ ಮರುದಿನ ಬೆಳಗ್ಗೆ ಟಾರ್ಚ್ ಹಿಡಿದು ನೋಡಿದಾಗ, ಚಾಲಕನ ಬದಿಯಲ್ಲಿ ಬೆಲ್ಟಿನ ಪ್ಲಾಸ್ಟಿಕ್ ಮುಚ್ಚಳದ ಕೆಳ ಅಂಚಿಗೆ ಉಪ್ಪು ಕಟ್ಟಿದಂತೆ ಒಣಗಿದ ಕಲೆ ಕಂಡಿತು. ಹುಬ್ಬಳ್ಳಿಯ ದೊಡ್ಡ ವರ್ಕ್‌ಶಾಪೊಂದರಲ್ಲಿ ಬೆಲ್ಟ್ ಮತ್ತು ಕೂಲಂಟ್ ಹರಿಸುವ ವಾಟರ್ ಪಂಪ್ ಎರಡಕ್ಕೂ ಸೇರಿ 23,000 ರೂಪಾಯಿ ಹೇಳಿದ್ದಾರೆ. ನಮ್ಮೂರಿನ ಮಿಸ್ತ್ರಿಯವರು ‘ಈಗ ಬೆಲ್ಟ್ ಒಂದನ್ನೇ ಹಾಕಿಸಿ, ಆರು ಸಾವಿರಕ್ಕೆ ಮುಗಿಯುತ್ತದೆ, ಪಂಪು ಪೂರ್ತಿ ಸೋರಿದಾಗ ನೋಡೋಣ’ ಎನ್ನುತ್ತಾರೆ. ಮಗಳ ಕಾಲೇಜು ಶುಲ್ಕ ಕಟ್ಟುವ ತಿಂಗಳಾದ್ದರಿಂದ ಹದಿನೈದು ಸಾವಿರಕ್ಕಿಂತ ಹೆಚ್ಚು ಹೊಂದಿಸುವುದು ನನಗೆ ಕಷ್ಟ. ಯಾವುದರಲ್ಲಿ ಉಳಿಸಬಹುದು, ಯಾವುದರಲ್ಲಿ ಉಳಿಸಲೇಬಾರದು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ಗ್ಯಾರೇಜು ನಡೆಸುವವರು, ದಾವಣಗೆರೆ)

ಮೇಷ್ಟ್ರೇ, ಮೊದಲು ಒಂದು ವಿನಂತಿ: ಕೆಲಸ ಆಗುವವರೆಗೆ ಆ ಗಾಡಿಯನ್ನು ಘಟ್ಟಕ್ಕೆ ಒಯ್ಯಬೇಡಿ.

ನಿಮ್ಮ ಗಾಡಿಯಲ್ಲಿರುವುದು ಕೆ9ಕೆ ಎಂಬ ಎಂಜಿನ್. ನಿಸಾನ್ ಟೆರಾನೋ, ಡೀಸೆಲ್ ಸನ್ನಿ, ಮಹೀಂದ್ರ ವೆರಿಟೋ ಗಾಡಿಗಳಲ್ಲೂ ಇದೇ ಕುಟುಂಬದ ಎಂಜಿನ್ ಇರುವುದರಿಂದ ಬಿಡಿಭಾಗಗಳಿಗೆ ಪರದಾಡಬೇಕಾಗಿಲ್ಲ. ಈ ಎಂಜಿನ್ನಿನಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ. ಪಂಪಿನ ಒಳಗಿನ ಸೀಲು ಸವೆದಾಗ ನೀರು ಮುಚ್ಚಳದ ಒಳಗಡೆಯೇ ತೊಟ್ಟಿಕ್ಕಿ, ಕೆಳ ಅಂಚಿನಲ್ಲಿ ಒಣಗಿ, ನೀವು ಕಂಡಂಥ ಕಲೆಯನ್ನೇ ಬಿಡುತ್ತದೆ. ಹೋಸ್ ಪೈಪುಗಳನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ, ಆದರೆ ನನ್ನ ಅನುಮಾನವೆಲ್ಲ ಪಂಪಿನ ಮೇಲೆಯೇ. ಸೀಲಿನ ಹಿಂದೆಯೇ ಬೇರಿಂಗ್ ಹಾಳಾಗುತ್ತದೆ. ಬೇರಿಂಗ್ ಬಿಗಿಹಿಡಿದ ದಿನ ಬೆಲ್ಟ್ ಹೊಸದಾಗಿದ್ದರೂ ಹಲ್ಲು ಕಿತ್ತುಕೊಂಡು ಹೋಗುತ್ತದೆ, ಮೇಲಿನ ವಾಲ್ವ್‌ಗಳಿಗೆ ಪಿಸ್ಟನ್ ಬಡಿಯುತ್ತದೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಬೇಕಾಗುತ್ತದೆ. ಆಗ ಖರ್ಚು ಇಪ್ಪತ್ಮೂರು ಸಾವಿರದಲ್ಲಿ ನಿಲ್ಲುವುದಿಲ್ಲ.

ಇನ್ನು ಕೂಲಿಯ ವಿಷಯ. ಈ ಕೆಲಸದಲ್ಲಿ ದುಡ್ಡು ಹೋಗುವುದು ಬೆಲ್ಟಿನ ತನಕ ತಲುಪುವುದಕ್ಕೆ: ಬಲಚಕ್ರ ಬಿಚ್ಚಬೇಕು, ಎಂಜಿನ್ನಿನ ತಳದ ಆಯಿಲ್ ಚೇಂಬರಿನ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಟ್ಟು ಎಂಜಿನ್ನನ್ನು ಹಿಡಿದುಕೊಳ್ಳಬೇಕು, ಎಂಜಿನ್ನನ್ನು ಹಿಡಿದಿಡುವ ಬಲಗಡೆಯ ಮೌಂಟಿಂಗ್, ಕೆಳಗಿನ ಮುಖ್ಯ ದಂಡವಾದ ಕ್ರ್ಯಾಂಕಿನ ಪುಲ್ಲಿ, ಮುಚ್ಚಳಗಳನ್ನು ಕಳಚಬೇಕು. ಅಷ್ಟಾದ ಮೇಲೆ ಪಂಪ್ ಎದುರಿಗೇ ಇರುತ್ತದೆ. ಅದನ್ನು ಬದಲಾಯಿಸಲು ಹೆಚ್ಚೆಂದರೆ ಇನ್ನೊಂದು ಗಂಟೆ. ಇವತ್ತು ಬೆಲ್ಟ್ ಒಂದನ್ನೇ ಹಾಕಿಸಿದರೆ ಆರು ತಿಂಗಳಲ್ಲಿ ಇದೇ ಕೂಲಿಯನ್ನು ಮತ್ತೊಮ್ಮೆ ಕೊಡುತ್ತೀರಿ.

ಉಳಿತಾಯಕ್ಕೆ ದಾರಿ ಇದೆ. ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್ ಮತ್ತು ಪಂಪ್ ಒಂದೇ ಪೆಟ್ಟಿಗೆಯಲ್ಲಿ ಬರುವ ಕಿಟ್ಟನ್ನು ಗೇಟ್ಸ್, ಕಾಂಟಿಟೆಕ್, ಎಸ್‌ಕೆಎಫ್ ಕಂಪನಿಗಳು ಈ ಎಂಜಿನ್ನಿಗೆಂದೇ ತಯಾರಿಸುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಚಾಸಿಸ್ ಸಂಖ್ಯೆ ತೋರಿಸಿ, ಬಿಲ್ಲಿನೊಂದಿಗೆ ನೀವೇ ಕೊಂಡುಕೊಳ್ಳಿ; ಕೆ9ಕೆಯಲ್ಲಿ ಹಲವು ಬಗೆಗಳಿರುವುದರಿಂದ ‘ಡಸ್ಟರ್ ಡೀಸೆಲ್’ ಎಂದಷ್ಟೇ ಹೇಳಿದರೆ ಸಾಲದು. ಒಂಬತ್ತು ಸಾವಿರದೊಳಗೆ ಸಿಗಬೇಕು. ಕೂಲಂಟನ್ನು ಸಾಂದ್ರರೂಪದಲ್ಲಿ ತಂದು ಡಿಸ್ಟಿಲ್ಡ್ ವಾಟರಿನೊಂದಿಗೆ ಸಮಪಾಲು ಬೆರೆಸಿಕೊಂಡರೆ ಅಲ್ಲೂ ಸ್ವಲ್ಪ ಉಳಿಯುತ್ತದೆ. ಬಾವಿ ನೀರು, ನಲ್ಲಿ ನೀರು ಬೇಡ. ಪೆಟ್ಟಿಗೆ ಇಲ್ಲದ ಬಿಡಿ ಬೆಲ್ಟು, ಹೆಸರಿಲ್ಲದ ಪಂಪು ಎಷ್ಟೇ ಅಗ್ಗವಾಗಿ ಸಿಕ್ಕರೂ ಮುಟ್ಟಬೇಡಿ.

ಉತ್ತರ 2 (ಟೆರಾನೋ ಮಾಲೀಕರು, ಶಿವಮೊಗ್ಗ)

ಮೇಲಿನವರು ಹೇಳಿದ್ದೆಲ್ಲವೂ ಸರಿಯಾಗಿದೆ. ಅದಕ್ಕೆ ನನ್ನ ಅನುಭವದಿಂದ ಒಂದು ಮುಖ್ಯ ವಿಷಯವನ್ನು ಸೇರಿಸಬೇಕಾಗಿದೆ. ಹೊರಗಡೆ ಆಲ್ಟರ್ನೇಟರ್ ಮತ್ತು ಎ.ಸಿ. ಕಂಪ್ರೆಸರನ್ನು ತಿರುಗಿಸುವ ಬೆಲ್ಟ್, ನಾವೆಲ್ಲ ರೂಢಿಯಲ್ಲಿ ಫ್ಯಾನ್ ಬೆಲ್ಟ್ ಎನ್ನುವುದು, ಅದನ್ನು ಮಾತ್ರ ಹಳೆಯದನ್ನೇ ಮರಳಿ ಹಾಕಿಸಬೇಡಿ.

ನನ್ನ ಗಾಡಿಗೆ ಟೈಮಿಂಗ್ ಕಿಟ್ ಹಾಕಿಸಿದಾಗ ಸುಮಾರು ಮೂರು ಸಾವಿರ ಉಳಿಯುತ್ತದೆಂದು ಈ ಬೆಲ್ಟನ್ನು ಬಿಟ್ಟೆ. ಗ್ಯಾರೇಜಿನವರೂ ‘ಇನ್ನೂ ಓಡುತ್ತದೆ’ ಎಂದರು. ಹನ್ನೊಂದು ತಿಂಗಳ ನಂತರ, ತೀರ್ಥಹಳ್ಳಿ ದಾರಿಯಲ್ಲಿ ಮಳೆಗಾಲದ ಒಂದು ಸಂಜೆ, ಬ್ಯಾಟರಿ ದೀಪ ಹತ್ತಿಕೊಂಡಿತು, ಪಟಪಟ ಸದ್ದು ಕೇಳಿಸಿತು, ನಾನು ಬದಿಗೆ ತರುವಷ್ಟರಲ್ಲಿ ಎಂಜಿನ್ ನಿಂತುಹೋಯಿತು. ಬಿಚ್ಚಿ ನೋಡಿದಾಗ ಫ್ಯಾನ್ ಬೆಲ್ಟಿನ ಅಂಚು ಸೀಳಿ, ಅದರ ನೂಲುಗಳು ಕ್ರ್ಯಾಂಕ್ ಪುಲ್ಲಿಯ ಹಿಂದಿನ ಸಂದಿಯಿಂದ ಮುಚ್ಚಳದೊಳಗೆ ಎಳೆದುಕೊಂಡು ಹೋಗಿ, ಕೆಳಗಿನ ಹಲ್ಲುಚಕ್ರಕ್ಕೆ ತೆಂಗಿನ ನಾರಿನಂತೆ ಸುತ್ತಿಕೊಂಡಿದ್ದವು. ಅದರ ಮೇಲೆ ಹತ್ತಿದ ಟೈಮಿಂಗ್ ಬೆಲ್ಟ್ ಹಲ್ಲು ದಾಟಿತ್ತು. ಒಂದು ವರ್ಷವೂ ತುಂಬದ ಬೆಲ್ಟಿನಲ್ಲಿ ಒಂದು ಬಿರುಕೂ ಇರಲಿಲ್ಲ. ವಾಲ್ವ್‌ಗಳು ಬಾಗಿದ್ದರಿಂದ ಹೆಡ್ ಕೆಲಸಕ್ಕೆ 48,000 ರೂಪಾಯಿ ತೆತ್ತೆ. ಈ ಎಂಜಿನ್ನಿನಲ್ಲಿ ಇದು ಅಪರೂಪದ ಸಂಗತಿಯಲ್ಲವೆಂದು ಆಮೇಲೆ ತಿಳಿಯಿತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಫ್ಯಾನ್ ಬೆಲ್ಟಿನ ವಿಚಾರ ನನ್ನ ತಲೆಯಲ್ಲೇ ಇರಲಿಲ್ಲ. ಕಿಟ್ ತಂದುಕೊಟ್ಟರೆ ಹಾಕಿಕೊಡಲು ನಮ್ಮ ಮಿಸ್ತ್ರಿಯವರು ಒಪ್ಪಿದ್ದಾರೆ, ಕೂಲಿ 3,500 ರೂಪಾಯಿ. ಹಳೆಯ ಬೆಲ್ಟಿನ ಜಾಗಕ್ಕೆ ಪೇಂಟಿನಿಂದ ಗುರುತು ಹಾಕಿಕೊಂಡು ಹೊಸದನ್ನು ಕೂರಿಸುತ್ತೇನೆ ಎನ್ನುತ್ತಾರೆ. ಇದು ಸರಿಯಾದ ಕ್ರಮವೇ?

ಉತ್ತರ 3 (ದಾವಣಗೆರೆಯವರೇ)

ಪೇಂಟ್ ಗುರುತನ್ನು ನಾನು ಒಪ್ಪುವುದಿಲ್ಲ, ಮೇಷ್ಟ್ರೇ. ಹಿಂದೆ ಹಾಕಿದವರು ಒಂದು ಹಲ್ಲು ತಪ್ಪಿಸಿದ್ದರೆ ಪೇಂಟು ಆ ತಪ್ಪನ್ನೇ ನಕಲು ಮಾಡುತ್ತದೆ. ಈ ಎಂಜಿನ್ನಿಗೆ, ಅದನ್ನು ಸರಿಯಾದ ಸ್ಥಾನದಲ್ಲಿ ಹಿಡಿದಿಡುವ ಎರಡು ಲಾಕಿಂಗ್ ಪಿನ್‌ಗಳಿವೆ. ಒಂದು, ವಾಲ್ವ್‌ಗಳನ್ನು ತೆರೆಯುವ ಮೇಲಿನ ದಂಡವಾದ ಕ್ಯಾಮಿನ ಪುಲ್ಲಿಯ ರಂಧ್ರದ ಮೂಲಕ ಹಾದು ಹೆಡ್ಡಿನ ರಂಧ್ರದಲ್ಲಿ ಕೂರುತ್ತದೆ. ಇನ್ನೊಂದನ್ನು ಬ್ಲಾಕಿನ ಪ್ಲಗ್ ಬಿಚ್ಚಿ ಒಳಗೆ ತಿರುಗಿಸಿದರೆ ಕ್ರ್ಯಾಂಕ್ ಅದಕ್ಕೆ ಬಂದು ತಾಗಿ ನಿಲ್ಲುತ್ತದೆ. ನಿಮ್ಮ ಮಿಸ್ತ್ರಿಯವರಲ್ಲಿ ಪಿನ್ ಇಲ್ಲದಿದ್ದರೆ ಪರಿಚಯದ ಗ್ಯಾರೇಜಿನಿಂದ ಒಂದು ದಿನಕ್ಕೆ ಕೇಳಿ ತರಿಸಿಕೊಳ್ಳಲಿ. ಆದರೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಸಡಿಲಿಸುವಾಗ ಪಿನ್ನಿನ ಮೇಲೆ ಭಾರ ಬೀಳಬಾರದು, ಕ್ರ್ಯಾಂಕಿನ ಇನ್ನೊಂದು ತುದಿಯ ಫ್ಲೈವೀಲನ್ನೇ ಹಿಡಿದುಕೊಳ್ಳಬೇಕು.

ಆ ಬೋಲ್ಟನ್ನು ಹೊಸದೇ ಹಾಕಬೇಕು, ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿದು ಆಮೇಲೆ ಕೋನದ ಅಳತೆಯಲ್ಲಿ ಇನ್ನಷ್ಟು ತಿರುಗಿಸಬೇಕು. ಮುಚ್ಚಳ ತೆಗೆದಾಗ ಕ್ಯಾಮ್ ಮತ್ತು ಕ್ರ್ಯಾಂಕಿನ ಆಯಿಲ್ ಸೀಲುಗಳ ಸುತ್ತ ಬೆರಳಾಡಿಸಿ ನೋಡಲು ಹೇಳಿ. ಜಿಡ್ಡು ಹತ್ತಿದರೆ ಅವನ್ನೂ ಬದಲಾಯಿಸಿ, ಏಕೆಂದರೆ ಎಣ್ಣೆ ತಗುಲಿದ ಬೆಲ್ಟ್ ಬಾಳುವುದಿಲ್ಲ. ಎಲ್ಲ ಕೂರಿಸಿದ ಮೇಲೆ ಪಿನ್ ತೆಗೆದು, ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಪಿನ್‌ಗಳು ಮತ್ತೆ ಸಲೀಸಾಗಿ ಕೂರುತ್ತವೆಯೇ, ಟೆನ್ಷನರಿನ ಮುಳ್ಳು ಗುರುತಿನಲ್ಲೇ ಇದೆಯೇ ಎಂದು ನೋಡದೆ ಕೀಲಿ ತಿರುಗಿಸಬಾರದು. ಸಾಧ್ಯವಾದರೆ ಆ ಹೊತ್ತಿನಲ್ಲಿ ನೀವೂ ಎದುರಿಗಿರಿ. ಕೂಲಂಟ್ ತುಂಬಿಸುವಾಗ ಗಾಳಿ ಪೂರ್ತಿ ಹೊರಹೋಗಬೇಕು. ಹೀಟರನ್ನು ಗರಿಷ್ಠ ಬಿಸಿಗಿಟ್ಟು ರೇಡಿಯೇಟರ್ ಫ್ಯಾನ್ ತಿರುಗುವ ತನಕ ಓಡಿಸಿ, ಮರುದಿನ ತಣ್ಣಗಿದ್ದಾಗ ಮಟ್ಟ ನೋಡಿ.

ಪ್ರಶ್ನೆ ಕೇಳಿದವರು (ಹತ್ತು ದಿನಗಳ ನಂತರ)

ಶನಿವಾರ ಕೆಲಸ ಮುಗಿಯಿತು. ಕಿಟ್ 8,600, ಫ್ಯಾನ್ ಬೆಲ್ಟ್ ಮತ್ತು ಅದರ ಟೆನ್ಷನರ್ 2,900, ಕೂಲಂಟ್ 1,300, ಬೋಲ್ಟ್ 350, ಕೂಲಿ 3,500. ಒಟ್ಟು 16,650 ರೂಪಾಯಿ. ಅಂದುಕೊಂಡಿದ್ದಕ್ಕಿಂತ 1,650 ಹೆಚ್ಚಾಯಿತು, ಅದನ್ನು ಅಣ್ಣನಿಂದ ಕೈಗಡ ತಂದೆ. ಪಿನ್‌ಗಳನ್ನು ಮಿಸ್ತ್ರಿಯವರು ಯಲ್ಲಾಪುರದ ಸ್ನೇಹಿತರಿಂದ ತರಿಸಿದರು. ಪಿನ್ ಎರಡನೆಯ ಸಲವೂ ಕೂತದ್ದನ್ನು ನಾನೇ ಕಣ್ಣಾರೆ ನೋಡಿದೆ.

ಬಿಚ್ಚಿದ ಹಳೆಯ ಪಂಪನ್ನು ನನ್ನ ಕೈಗೆ ಕೊಟ್ಟರು. ಅದರ ಹಲ್ಲುಚಕ್ರವನ್ನು ಹೆಬ್ಬೆರಳಿನಿಂದ ಅದುಮಿದಾಗ ಸಡಿಲವಾದ ಹಲ್ಲಿನಂತೆ ಅಲುಗಾಡುತ್ತಿತ್ತು, ತಿರುಗಿಸಿದರೆ ಒಳಗೆ ಮರಳು ಅರೆದಂಥ ಸದ್ದು ಬರುತ್ತಿತ್ತು. ಫ್ಯಾನ್ ಬೆಲ್ಟಿನ ಒಳ ಅಂಚಿನಲ್ಲಿ ಗೇಣುದ್ದದ ನೂಲು ಆಗಲೇ ಬಿಟ್ಟುಕೊಂಡಿತ್ತು. ಶಿವಮೊಗ್ಗದವರಿಗೆ ಅದರ ಚಿತ್ರವನ್ನು ಕಳುಹಿಸುತ್ತೇನೆ. ಇಂದಿಗೆ ಏಳು ದಿನ, ಡಬ್ಬಿಯ ಮಟ್ಟ ಗೆರೆಯಿಂದ ಕದಲಿಲ್ಲ.